ಕೆಂಪು ಮುಳ್ಳು

ಹಸಿರು ಬೆಳಕು ಎದುರಿನ ಗಾಜಿಗೆ ಬಡಿದು
ರಸ್ತೆಯ ಬದಲು ನನ್ನದೇ ಮುಖ ಕಾಣುತ್ತದೆಂದು
ನಸುಕಿನ ಮೂರಕ್ಕೆ ಮೀನಿನ ಓಮ್ನಿ ಬಿಡುವ ನಾನು
ಬೈತಖೋಲದ ಅಡುಗೆಮನೆಯಲ್ಲಿ
ಈಳಿಗೆ ಬದಿಗೆ ಸರಿಸಿ
ಮೀಟರು ಬಿಚ್ಚಿ ಕೂತೆ.
ತಟ್ಟೆಯಲ್ಲಿ ಏಳು ಸ್ಕ್ರೂ,
ಕಡಲೆಕಾಳಿನಷ್ಟು ಮೂರು ಬಲ್ಬು,
ಅವುಗಳ ತಲೆಗೆ ಹಸಿರು ರಬ್ಬರಿನ ಕುಲಾವಿ.

‘ಬೋಟಿನ ಕ್ಯಾಬಿನ್ನಿನಲ್ಲಿ ಕೆಂಪೇ ಇಡುವುದು,
ಕತ್ತಲು ಕಾಣಬೇಕಲ್ಲ’
ಎಂದಿದ್ದ ತಾಂಡೇಲ ಮಾವ, ಬಲೆಯಿಂದ ಕಣ್ಣೆತ್ತದೆ.

ಕುಲಾವಿ ಕಿತ್ತು
ತನುಜಾಳ ನೇಲ್ ಪಾಲಿಶ್ ಎರಡು ಕೋಟು ಬಳಿದೆ.
‘ಆಯೀ, ಬಲ್ಬಿಗೆ ಮದುವೆಯಾ?’ ಅಂದಳು.

ಜೋಡಿಸಿ ಕೀಲಿ ತಿರುಗಿಸಿದರೆ
ಮುರುಗಲ ಪಾನಕ ಚೆಲ್ಲಿದ ಹಾಗೆ ಬೆಳಕು.
ಗಾಜಿನಲ್ಲಿ ಈಗ ನಾನಿಲ್ಲ.
ಬಿಣಗಾ ತಿರುವು, ನಡುರಸ್ತೆಯಲ್ಲಿ ಮಲಗಿದ ದನ
ಎಲ್ಲ ಇವೆ.

ಇಲ್ಲದ್ದು ಮುಳ್ಳು.
ಕೆಂಪು ಮುಳ್ಳು, ಕೆಂಪಿನಲ್ಲೇ ಕರಗಿ
ಅಂಕಿಗಳಷ್ಟೇ ಸುಮ್ಮನೆ ಕಾಯುತ್ತಿವೆ.

ಮತ್ತೆ ಬಿಚ್ಚಬೇಕು, ಮುಳ್ಳಿಗೆ ಬಿಳಿ ಹಚ್ಚಬೇಕು.
ಆಯ್ತವಾರ ನೋಡುವಾ.
ಅಲ್ಲಿಯತನಕ ಅಂಕೋಲೆಗೆ
ಕಿವಿಯಿಂದಲೇ ಓಡಿಸುತ್ತೇನೆ:
ಬುಟ್ಟಿಗಳು ಕುಣಿದರೆ ಅರವತ್ತು,
ಬಂಗಡೆ ಜಾರಿ ಬಾಗಿಲಿಗೆ ಬಡಿದರೆ ಎಪ್ಪತ್ತು,
ಐಸು ಮಾತಾಡದಿದ್ದರೆ
ನಲವತ್ತು.