ಮೂರನೆಯ ಲೆಕ್ಕ

ಸುಂಟಿಕೊಪ್ಪ ದಾಟಿ ಇಳಿಜಾರು ಶುರುವಾಗುವ ಮೊದಲು
ಎಡಕ್ಕೆ ನನ್ನ ತೂಕದ ಕಟ್ಟೆ.
ಅರವತ್ತು ಟನ್ನಿನವರೆಗೆ ತೂಗುತ್ತದೆ.
ಹತ್ತು ಕಿಲೋಗಿಂತ ಸಣ್ಣದು ಅದರ ಕಣ್ಣಿಗೆ ಬೀಳದು.
ನೀನೂ ಹಾಗೇ ಆಗುತ್ತಿದ್ದೀಯ ಅಂತಾನೆ ತಮ್ಮ.

ಜನವರಿ. ಹಿಂದಿನ ರಾತ್ರಿ ಕೇಳದೆ ಬಂದ ಮಳೆ.
ಬೆಳಿಗ್ಗೆ ಚೀಯಣ್ಣನವರ ಪಿಕಪ್ ಬಂತು,
ಬೆನ್ನ ಮೇಲೆ ಇಪ್ಪತ್ತು ಚೀಲ ಒಣ ಚೆರ್ರಿ,
ಬಾಲಕ್ಕೆ ಟ್ರೈಲರ್, ಟ್ರೈಲರಿನ ಮೇಲೆ ಕೆಟ್ಟ ಪಲ್ಪರ್,
ಮುಂದಿನ ಸೀಟಲ್ಲಿ ಚೀಯಣ್ಣ, ಅವರ ಕಾಲ ಸಂದಿಯಲ್ಲಿ ನಾಯಿ.
ಸ್ಟೀರಿಂಗಿನಲ್ಲಿ ಮೊಯ್ದು.
ಮೂಗು ಆಕಾಶ ನೋಡುತ್ತಿದೆ ಗಾಡಿಯದು,
ಸಂತೆಗೆ ಹೊರಟ ಜಂಬದ ಮುದುಕನ ಹಾಗೆ.

ಮೊಯ್ದು ಇಳಿದು ಬಾಗಿಲು ತೆರೆದ.
ಬಾಗಿಲ ಸಂದಿಯಲ್ಲೊಂದು ತಗಡು, ಅಂಗೈಯಗಲ.
ಎಂಜಲ ಹೆಬ್ಬೆರಳಲ್ಲಿ ಕೆಸರು ಉಜ್ಜಿದ.
ಎಲ್ಲ ಸೇರಿ ಎರಡು ಸಾವಿರದ ಒಂಬೈನೂರ ಐವತ್ತು.
ಖಾಲಿ ಗಾಡಿಯೇ ಸಾವಿರದ ಆರುನೂರ ಐವತ್ತು.
ಉಳಿದದ್ದು ಸಾವಿರದ ಮುನ್ನೂರು,
ಅದರೊಳಗೆ ಬದುಕಬೇಕು, ಸಂಬಳದ ಹಾಗೆ.

‘ಶೋರೂಮಿನವನು ಸಾವಿರದ ಇನ್ನೂರು ಎಳೆಯುತ್ತೆ ಅಂದನಲ್ಲ?
ಪಲ್ಪರು, ಟ್ರೈಲರು ಸೇರಿ ಸಾವಿರವೇ.
ಇನ್ನೂರು ಲಾಭ.’

‘ಎಳೆಯುವ ಲೆಕ್ಕ ಬೇರೆ ಸಾರ್, ಹೊರುವ ಲೆಕ್ಕ ಬೇರೆ.
ಎರಡೂ ಕೂಡಿದರೆ ಮೂರನೆಯ ಲೆಕ್ಕ.
ಟ್ರೈಲರ್ ಹಿಂದೆ ಬರುವುದು ಹೌದು,
ಆದರೆ ಅದರ ನಾಲಿಗೆ ನಮ್ಮ ಕೊಕ್ಕೆಯ ಮೇಲೆ ಕೂತಿದೆ.
ಹತ್ತರಲ್ಲೊಂದು ಪಾಲು. ನೂರು ಕಿಲೋ.
ಅದು ನಾವೇ ಹೊರಬೇಕು.’

ಅವನು ಬೆರಳು ಮಡಚಿದ, ನಾನು ರಸೀದಿಯ ಬೆನ್ನಲ್ಲಿ ಬರೆದೆ.
ಚೀಲ ಸಾವಿರ. ಕೊಕ್ಕೆಗೆ ನೂರು.
ಮೊಯ್ದು ಎಂಬತ್ತು. ಚೀಯಣ್ಣ ತೊಂಬತ್ತೈದು,
(‘ತೊಂಬತ್ತು’ ಅಂದರು ಅವರು. ನಾನು ತಿದ್ದಲಿಲ್ಲ.)
ನಾಯಿ ಹದಿನೆಂಟು.
ಏಳು ಕಿಲೋ ಮಿಕ್ಕಿತು.
ಒಂದು ಚೀಲ ಕಿತ್ತಳೆಗೂ ಸಾಲದಷ್ಟು ಜಾಗ.

ಹಾಗಾದರೆ ಟ್ರೈಲರೂ ಸೇರಿ ಮೂರು ಸಾವಿರದ ಎಂಟುನೂರ ನಲವತ್ತು
ಕಾಣಬೇಕಿತ್ತು ಪರದೆಯಲ್ಲಿ.
ಕಂಡದ್ದು ಮೂರು ಸಾವಿರದ ಒಂಬೈನೂರು.

‘ನಿನ್ನ ಕಟ್ಟೆ ಸುಳ್ಳು ಹೇಳುತ್ತೆ’ ಅಂದರು ಚೀಯಣ್ಣ.
ಕಟ್ಟೆಗೆ ಸುಳ್ಳು ಬರುವುದಿಲ್ಲ. ಸಂಕೋಚವೂ ಇಲ್ಲ.
ಮೊಯ್ದು ಚೀಲದ ಬಾಯಿಗೆ ಕೈ ಹಾಕಿ ತೆಗೆದ,
ಬೆರಳು ಮಿನುಗಿತು.
ಚೀಲಕ್ಕೆ ಮೂರು ಕಿಲೋ ರಾತ್ರಿಯ ಮಳೆ.
ಯಾರೂ ಹೇರದ ಅರವತ್ತು ಕಿಲೋ
ಟಾರ್ಪಾಲಿನ ತೂತಿನಿಂದ ಇಳಿದು ಬಂದು
ಬಾಡಿಗೆ ಕೊಡದೆ ಕೂತಿತ್ತು.

‘ಇಂಜಿನ್ ಎಳೆಯುತ್ತಲ್ಲ ಮಾರಾಯ!’

‘ಎಳೀತದೆ ಸಾರ್. ಹತ್ತುವಾಗ ಆನೆಯನ್ನೂ ಎಳೀತದೆ.
ಈಗ ಮುಂದಿರುವುದು ಆನೆಕಾಡಿನ ಇಳಿಜಾರು.
ಅಲ್ಲಿ ಯಾರು ಯಾರನ್ನು ಎಳೆಯುವುದು?
ಹಿಂದೆ ಭಾರವಾದರೆ ಮುಂದಿನ ಚಕ್ರ ಹಗುರ,
ತಿರುವಿನಲ್ಲಿ ಸ್ಟೀರಿಂಗ್ ತಿರುಗುತ್ತದೆ, ಗಾಡಿ ತಿರುಗುವುದಿಲ್ಲ.
ಕಾಲು ಬ್ರೇಕಿನ ಮೇಲೆ ಇರುತ್ತದೆ,
ಬ್ರೇಕು ಎಲ್ಲೋ ಇರುತ್ತದೆ.’

ಚೀಯಣ್ಣ ತಗಡನ್ನು ನೋಡಿದರು, ರಸ್ತೆಯನ್ನು ನೋಡಿದರು,
ಕೊನೆಗೆ ತಮ್ಮ ಹೊಟ್ಟೆಯನ್ನು ನೋಡಿದರು.
‘ಸರಿ. ಎರಡು ಚೀಲ ಇಳಿಸು.’

ಎರಡು ಚೀಲ ನನ್ನ ಜಗುಲಿಗೆ ಬಂತು.
ಕಾವಲಿಗೆ ನಾಯಿಯೂ ಇಳಿಯಿತು, ಅವಮಾನವಾದಂತೆ.
ಮತ್ತೆ ತೂಗಿದೆ. ಮೂರು ಸಾವಿರದ ಏಳುನೂರ ಎಂಬತ್ತು.
ಗಾಡಿಯ ಮೂಗು ಒಂದು ಬೆರಳಿನಷ್ಟು ತಗ್ಗಿತು.
ಮೊಯ್ದು ಎರಡನೇ ಗೇರಿಗೆ ಹಾಕಿ
ಬಸುರಿಯನ್ನು ಕೂರಿಸಿಕೊಂಡವನಂತೆ ಹೊರಟ.

ಸಂಜೆ ಏಳಾದರೂ ಬರಲಿಲ್ಲ.
ಕಟ್ಟೆಯ ಮೇಲೆ ಹೋಗಿ ನಿಂತೆ. ಅರವತ್ತು.
ಒಮ್ಮೆ ಹಾರಿದೆ, ನೂರ ಹತ್ತು ತೋರಿಸಿ ನಾಚಿಕೊಂಡಿತು.
ಅಲುಗುವುದರ ತೂಕ ನಂಬಬೇಡ
ಅಂತ ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದರು.

ನಾನು ಇಳಿದ ಮೇಲೆ ನಾಯಿ ಹತ್ತಿ ಕೂತಿತು.
ರಸ್ತೆಯ ಕಡೆ ಕಿವಿ.
ಉಸಿರೆಳೆದಾಗ ಇಪ್ಪತ್ತು, ಬಿಟ್ಟಾಗ ಹತ್ತು,
ಮತ್ತೆ ಇಪ್ಪತ್ತು.

ತಿರುವಿನಾಚೆ ಎರಡನೇ ಗೇರಿನ ಸದ್ದು ಕೇಳಿತು.
ಪರದೆ ಸೊನ್ನೆಯಾಯಿತು.