ಕೋನ್ ರಿಪೇರಿ ಅಂಗಡಿಯೊಳಗ

ಕೂಡ್ರು, ದ್ಯಾಮವ್ವ. ಆ ಸ್ಟೂಲ್ ಅಲ್ಲ, ಅದರ ಕಾಲು ಮುರದದ.
ಕೇಳಿದೆ. ಮೂರು ಸಲ ಕೇಳಿದೆ.
ಒಮ್ಮೆ ಹೆಡ್‌ಫೋನಿನಾಗ,
ಒಮ್ಮೆ ಟೆಂಪೋದ ಒಡಕು ಸ್ಪೀಕರಿನಾಗ, ಪರ್ವರಿ ಏರು ಹತ್ತುವಾಗ,
ಒಮ್ಮೆ ಇಲ್ಲೇ, ಶಟರ್ ಎಳಕೊಂಡು,
ಹದಿನೆಂಟು ಇಂಚಿನ ಕೋನಿನ ಮ್ಯಾಲ ಅಂಗೈ ಇಟಗೊಂಡು.

ಛಲೋ ಅದ ಅಂತ ಹೇಳಿ ಕಳಿಸಬಹುದಿತ್ತು.
ಹಂಗ ಒಬ್ಬನ್ನ ಕಳಿಸೀನಿ ಹಿಂದಕ,
ಅಶ್ಪಾಕ ಅಂತ, ವಾಸ್ಕೋದಾಂವ.
ಕೇಳದನ ಹೇಳಿದ್ದೆ. ಅಂವಗ ಗೊತ್ತಾತು.
ಮತ್ತ ಬರಲಿಲ್ಲ.

ಮೊದಲು ನಿನ್ನ ಕಿಕ್ಕು.
ನಿಮಿಷಕ್ಕ ನೂರಾ ಇಪ್ಪತ್ತೆಂಟು, ಒಂದೂ ತಪ್ಪಿಲ್ಲ,
ತಪ್ಪೂದೂ ಇಲ್ಲ, ಯಂತ್ರ ಅದು.
ಆದರ ಅದರ ಬೆನ್ನಿಗೇ ಬೇಸ್ ಬರ್ತದ,
ಇಬ್ಬರೂ ಒಂದ ಬಾಗಿಲೊಳಗ ತುರುಕತಾರ
ಪಣಜಿ ಬಸ್ಸು ಬಂದಾಗಿನಂಗ.
ಒಬ್ಬ ಹತ್ತಲಿ. ಇನ್ನೊಬ್ಬ ಒಂದು ಹೆಜ್ಜಿ ಹಿಂದ ಸರೀಲಿ.
ಸೈಡ್‌ಚೈನ್ ಅಂತೀರಲ್ಲ ನೀವು, ಅದರ ಅರ್ಥ ಇಷ್ಟ:
ಜಾಗಾ ಬಿಡೂದು.

ಮತ್ತ ನೀ ಜೋರು ಮಾಡೀದಿ.
ಎಲ್ಲಾನೂ. ಮೊದಲನೇ ಸೆಕೆಂಡಿನಿಂದ.
ಮೀಟರಿನ ಕೆಂಪು ದೀಪ ಆರಾಂಗಿಲ್ಲ.
ಇದ ನೋಡು, ಈ ಕಾಯಿಲ್, ಸುಟ್ಟು ಕರ್ರಗಾಗೇದ,
ವಾಗಾತೋರದ ಪಾರ್ಟಿಯಿಂದ ಬಂದದ್ದು. ಮೂಸಿ ನೋಡು.
ಇಂಥಾವು ವಾರಕ್ಕ ಆರು ಬರ್ತಾವ, ನನ್ನ ಹೊಟ್ಟಿ ತುಂಬ್ತದ,
ಆದರೂ ಹೇಳ್ತೀನಿ, ತಗ್ಗಿಸು.

ನಿಮ್ಮವ್ವ ರೊಟ್ಟಿ ಬಡಿಯೂದು ಕೇಳೀಯೋ ಇಲ್ಲೋ?
ಬಡಿತ, ಬಡಿತ, ಬಡಿತ, ಆಮ್ಯಾಲ ತಿರುವೂ ಹೊತ್ತಿಗೆ
ಕೈ ಸುಮ್ಮಕಾಗ್ತದ. ಹಿಟ್ಟು ಸರಿಯೂ ಸಪ್ಪಳ ಅಷ್ಟ.
ಆ ಸುಮ್ಮಕಾಗೂದರಾಗ ಹಸಿವಿ ಏಳ್ತದ.
ನಿನ್ನ ಡ್ರಾಪಿಗಿಂತ ಮೊದಲ ಹಸಿವಿ ಇಲ್ಲ.
ಬಿಲ್ಡಪ್ ಹದಿನಾರು ಬಾರ್ ಏರ್ತದ,
ಏರಿ ಏರಿ, ಬಿಟ್ಟ ಬಾಗಿಲಿಗೇ ಬಂದು ನಿಲ್ತದ.

ಹೈ-ಹ್ಯಾಟ್ ಬಗ್ಗೆ ನನ್ನ ಕೇಳಬ್ಯಾಡ.
ಮೂವತ್ತು ವರ್ಷ ಬಾಕ್ಸಿನ ಬಾಜೂಕ ನಿಂತಾಂವ,
ಮ್ಯಾಲಿನ ಸಣ್ಣ ಸಪ್ಪಳ ನನ್ನ ಪಾಲಿಗೆ ಮುಗದಾವ.
ಗುಬ್ಬಿ ಬಾಯಿ ತೆರೆಯೂದು ಕಾಣಸ್ತದ, ಅಷ್ಟ.
ಅದನ್ನ ಯಾರರೆ ಸಣ್ಣ ಹುಡುಗರಿಗೆ ಕೇಳಿಸು.
ಗೊತ್ತಿಲ್ಲದ್ದಕ್ಕ ಗೋಣು ಹಾಕೂದು ಅಶ್ಪಾಕನ ಕೂಡ ಮುಗೀತು.

ಈಗ ಖರೇ ಮಾತು.
ನಾಲ್ಕನೇ ನಿಮಿಷ, ಹನ್ನೊಂದನೇ ಸೆಕೆಂಡು.
ರಿವರ್ಬಿನ ಕೆಸರೊಳಗ, ಎಲ್ಲಾದರ ಕೆಳಗ,
ಯಾರೋ ಏನೋ ಅಂತಾರ.
ಬೇಸ್ ಇಳಿಸಿದೆ, ಟ್ರೆಬಲ್ ಇಳಿಸಿದೆ,
ಗುಂಡಿ ತಿರುವಿ ತಿರುವಿ ಕಿವಿ ಹಚ್ಚಿ ಕುಂತೆ.
ನಿನ್ನ ದನಿ. ಪಂಪಿನಾಗ ನಿಂತು ದಿನಾ ಅಂತೀಯಲ್ಲ,
ಗದಗಿನ ಲಾರಿಯವರಿಗೆ, ಬಂದಾವರಿಗೆಲ್ಲಾ,
'ಝೀರೋ ನೋಡ್ರಿ.'

ಯಾಕ ಮುಚ್ಚಿಟ್ಟಿ?
ಬಾಕಿ ಸಪ್ಪಳ ಎಲ್ಲಾರ ಹತ್ರಾನೂ ಅದಾವ,
ಅದ ಚಪ್ಪಾಳಿ, ಅದ ಸೈರನ್ನು, ಪುಕ್ಕಟೆ ಸಿಗೂವು.
ಇದೊಂದು ಪರ್ವರಿಯ ರಾತ್ರಿ ಪಾಳಿಯದು,
ಹಿಂದ ನಾಝಲ್ ಟಕ್ ಅನ್ನೂದೂ ಸೇರಿ.
ಕಿಕ್ ನಿಲ್ಲಿಸು ಅಲ್ಲಿ. ಎಲ್ಲಾ ನಿಲ್ಲಿಸು.
ರಿವರ್ಬ್ ಒರಸು.
ಒಣಾ ದನಿ, ಒಂದ ಸಲ.
ಆಮ್ಯಾಲ ಎರಡು ಬೀಟ್ ಏನೂ ಬ್ಯಾಡ,
ಮೀಟರ್ ಸೊನ್ನಿಗೆ ಬಂದು ನಿಲ್ಲಲಿ,
ಮಂದಿ ಕಾಲು ಎತ್ತಿದ್ದು ಎತ್ತಿದಂಗ ಇರಲಿ.

ಅದರ ಮುಂದಿನ ಡ್ರಾಪ್ ನಾ ಹೇಳಾಂಗಿಲ್ಲ. ಅದು ನಿಂದು.

ಮಾರಿ ಸಣ್ಣ ಮಾಡಬ್ಯಾಡ.
ನಾ ಅಂದದ್ದೆಲ್ಲಾ ಮಾಡಬೇಕಂತಿಲ್ಲ,
ಮಾಡಿ ಕೆಟ್ಟರ ಹಳೇದು ಪೆನ್‌ಡ್ರೈವಿನಾಗ ಇದ್ದ ಇರ್ತದ.
ಚಹಾ ಆರ್ತದ, ಕುಡಿ.
ಶುಕ್ರವಾರ ಬರಬ್ಯಾಡ, ಮಾಪ್ಸಾದ ಸಂತಿ,
ಒಣಮೀನಿನವರು, ಗಡಿಗಿಯವರು, ಏನೂ ಕೇಳಸಾಂಗಿಲ್ಲ.
ಶನಿವಾರ ಬಾ. ಶಟರ್ ಎಳೀತೀನಿ.
ಆ ಎರಡು ಬೀಟಿನಾಗ ಕೋನ್ ಖರೇನ ನಿಂತಿತೋ ಇಲ್ಲೋ
ಅಂಗೈಗೆ ಗೊತ್ತಾಗ್ತದ.

ಬರೂವಾಗ ಎರಡು ಮೊಳಿ ತಗೊಂಡು ಬಾ, ಆ ಸ್ಟೂಲಿಗೆ.