ಜನರಲ್ ಡೈರಿ, ಏಳು ನಲವತ್ತು

ಉಪ್ಪಳ ಬಸ್‌ಸ್ಟ್ಯಾಂಡಿನ ಹಿಂದೆ
ಟಾರ್ಪಾಲು ಕಟ್ಟಿ ಕೂತಿದ್ದ ನಾಲ್ಕು ತಿಂಗಳು
ಸೇಲಂ ಮುರುಗೇಶ, ಕೀಲಿಕೈಯವ.
ಹಲಗೆಗೆ ಮೊಳೆ, ಮೊಳೆಗೆ ಇನ್ನೂ ಕೊರೆಯದ ಕೀಲಿಗಳ ಗೊಂಚಲು,
ಕಡಲ ಗಾಳಿಗೆ ಕಿಣಿಕಿಣಿ.
ಅವನ ಮಲಯಾಳಕ್ಕೆ ತಮಿಳಿನ ಬಾಲ ಇತ್ತು.
ನಮಗಷ್ಟು ಸಾಕಿತ್ತು.

ಠಾಣೆಯ ಕಪಾಟಿನ ಕೀಲಿ ಸವೆದು
ಒಂದು ಶುಕ್ರವಾರ ನಾನೇ ಒಯ್ದೆ ಅವನಲ್ಲಿಗೆ.
ಅರ ಉಜ್ಜುತ್ತಿದ್ದ. ಪುತ್ತೂರಿನ ಅಕ್ಕನ ಫೋನು ಬಂತು.
ಸುತ್ತ ಕನ್ನಡ ತಿಳಿದವರೇ,
ಹಾಗಾಗಿ ಟಾರ್ಪಾಲಿನೊಳಗೆ ಸರಿದು ಮಾತಾಡಿದೆ,
ತಮಿಳನಿಗೆ ಎಂತ ಗೊತ್ತಾಗುತ್ತದೆ.
ಅಕ್ಕಾ, ಆ ಲಾರಿ ಕೇಸಿನಲ್ಲಿ
ಡೈರಿಯಲ್ಲಿ ಒಂದು ಗೆರೆ ಖಾಲಿ ಬಿಟ್ಟೆ, ಎಸ್ಸೈ ಹೇಳಿದರೆಂದು.
ಮರುದಿನ ತುಂಬಿಸಿದೆ.
ಗಂಟಲಲ್ಲಿ ಅನ್ನ ಇಳಿಯುವುದಿಲ್ಲ ಮಾರಾಯ್ತಿ.

ಅವನು ತಲೆ ಎತ್ತಲಿಲ್ಲ.
ಕೀಲಿಯನ್ನು ಊದಿ, ಪ್ಯಾಂಟಿಗೆ ಒರೆಸಿ,
ಹದಿನೈದು ರೂಪಾಯಿ ಚೇಚೀ, ಎಂದ.

ಮಾರ್ಚಿ ಹನ್ನೊಂದು, ಸಂಜೆ ಐದು.
ಕುಂಜತ್ತೂರಿನ ಹಂಚಿನ ಶೆಡ್ಡಿನಿಂದ ಇಬ್ಬರನ್ನು ಎತ್ತಿದರು.
ಮಂಗಳೂರಿನ ಬೀದಿಗಳಿಂದ ಕಾಣೆಯಾದ ಮೂವತ್ತೊಂದು ಬೈಕು.
ಕಳವು ನಿಜ. ಬೈಕುಗಳು ನಿಜ.
ಎಂಟಕ್ಕೆ ಕೀಲಿ ಕೊರೆದುಕೊಟ್ಟವನು ಮುರುಗೇಶ,
ಅದೂ ನಿಜ.
ಐದೂ ಇಪ್ಪತ್ತಕ್ಕೆ ಜೀಪು ತಲಪಾಡಿ ದಾಟಿತು.
ನಮ್ಮ ಠಾಣೆಗೆ ಒಂದು ಮಾತಿಲ್ಲ,
ಮಹಜರಿಗೆ ಊರಿನ ಒಬ್ಬನ ರುಜು ಇಲ್ಲ.

ಕಾನೂನು ದಡ್ಡನಲ್ಲ.
ನಲವತ್ತೆಂಟನೇ ಕಲಮು ಹೇಳುತ್ತದೆ,
ಬೆನ್ನಟ್ಟು, ಇಂಡಿಯಾದ ಯಾವ ಮೂಲೆಗಾದರೂ,
ಗಡಿಕಲ್ಲು ನಿನ್ನ ಕಾಲಿಗೆ ಎಡವುವುದಿಲ್ಲ.
ಜಡತಿ ಮಾಡುವೆಯಾ, ಅಲ್ಲಿಯ ಠಾಣೆಗೆ ತಿಳಿಸು,
ಅಲ್ಲಿಯ ಇಬ್ಬರನ್ನು ಕರೆದು ನಿಲ್ಲಿಸು,
ಹಿಡಿದವನನ್ನು ದಿನ ತುಂಬುವ ಮೊದಲು
ಮ್ಯಾಜಿಸ್ಟ್ರೇಟರ ಕಣ್ಣಿಗೆ ಬೀಳಿಸು.
ಇಷ್ಟೆಲ್ಲ ಉಂಟು.
ಬೇರೆ ಹೆಸರಿನಲ್ಲಿ ನಾಲ್ಕು ತಿಂಗಳು
ಬೇರೆಯವರ ಊರಲ್ಲಿ ಕೂತವನ ಬಗ್ಗೆ
ಒಂದು ವಾಕ್ಯ ಹುಡುಕಿದೆ, ಕೊನೆಯ ಅನುಬಂಧದವರೆಗೆ.
ಬೆರಳಿಗೆ ಧೂಳು ಹತ್ತಿತು.

ಏಳು ನಲವತ್ತಕ್ಕೆ ಬಂದ.
ಗಡ್ಡ ಬೋಳಿಸಿದ್ದ, ಇಸ್ತ್ರಿ ಅಂಗಿ.
ಮೇಜಿನ ಮೇಲಿಟ್ಟ ಗುರುತಿನ ಕಾರ್ಡಿನಲ್ಲಿ
ಹಾಲೇಶ ಕೊಟ್ರಪ್ಪ, ಹೆಡ್ ಕಾನ್‌ಸ್ಟೇಬಲ್.
ಉಗುರಿನ ಸಂದಿಯಲ್ಲಿ ಮಾತ್ರ ಮುರುಗೇಶನ ಹಿತ್ತಾಳೆ ಪುಡಿ.
'ಐದಕ್ಕ ತಿಳಿಸಿದ್ರು ಅಂತ ಒಂದ್ ಗೆರಿ ಹಾಕ್ರಿ ಮೇಡಂ.'
ಜಾಗ ಇಲ್ಲ, ಎಂದೆ.
'ಜಾಗಾ ಬಿಡೂದು ನಿಮಗೇನ್ ಹೊಸಾದಲ್ಲಲ್ರಿ.'

ಬೆದರಿಸುವ ದನಿಯಲ್ಲ.
ಕೀಲಿ ಸರಿ ಕೂತಿತೇ ಎಂದು ಕೇಳುವ ದನಿ.
ಹದಿನಾರು ವರ್ಷದ ಸರ್ವೀಸಿನಲ್ಲಿ
ಈ ಮೇಜಿನ ಮುಂದೆ ನಿಂತು ನನ್ನ ಭಾಷೆಯಲ್ಲಿ
ಯಾರೂ ಇಷ್ಟು ಮೆಲ್ಲಗೆ ಮಾತಾಡಿದ್ದಿಲ್ಲ.

ಕನ್ನಡ ಶಾಲೆಯ ಕೈ, ಪಿಎಸ್‌ಸಿ ಪರೀಕ್ಷೆಗೆ ಕಲಿತ ಅಕ್ಷರ.
ಮಲಯಾಳದಲ್ಲಿ ಬರೆದೆ:
ಸಮಯ ೧೯.೪೦. ಬಂದವರು ಇಂಥವರು.
ಐದಕ್ಕೆ ನಡೆದದ್ದನ್ನು ಈಗ ತಿಳಿಸಿದರು.
ಹಿಂದಿನ ಸಾಲಿಗೆ ಒತ್ತಿ, ಇರುವೆ ನುಸುಳದಷ್ಟು ಒತ್ತಿ.
ಅವನು ನೋಡುತ್ತ ನಿಂತಿದ್ದ. ಓದಲು ಬರುತ್ತಿರಲಿಲ್ಲ.
ಅಂಕಿ ಮಾತ್ರ ಓದಿದ.

ಅವನ ಎರಡನೇ ಮಾತನ್ನು ನಾನು ದಾಖಲಿಸಲಿಲ್ಲ.
ಅದನ್ನು ಬರೆದರೆ ಲಾರಿಯನ್ನೂ ಬರೆಯಬೇಕು.

ಆರು ತಿಂಗಳ ಮೇಲೆ ಮಂಗಳೂರಿನ ಕೋರ್ಟು
ಆ ಪುಟದ ನಕಲು ತರಿಸಿತು.
ಆಮೇಲೆ ಎಂತಾಯಿತೋ, ವಿಚಾರಿಸಲಿಲ್ಲ.

ಕಪಾಟಿನ ಹಳೇ ಕೀಲಿ ಈಗ ತಿರುಗುವುದೇ ಇಲ್ಲ.
ಬೆಳಿಗ್ಗೆ ಎದ್ದು ಬಂದು ಡೈರಿ ತೆಗೆಯುವುದು
ಅವನು ಕೊರೆದದ್ದರಿಂದಲೇ, ಬೆಣ್ಣೆಯ ಹಾಗೆ.
ಆ ಹದಿನೈದು ರೂಪಾಯಿ
ಯಾವ ಸರಕಾರದ ಲೆಕ್ಕಕ್ಕೆ ಹೋಯಿತೋ,
ಚೀಟಿ ಕೇಳಿರಲಿಲ್ಲ ನಾನು.